ಶಿರೂರಿಗೆ ನಾನೇ ಕಾರು ಒಯ್ದೆ

ಬೆಳಿಗ್ಗೆ ಏಳಕ್ಕೆ ಪುಣೆಯ ಖರಾಡಿಯ ನಮ್ಮ ಮನೆಯಿಂದ ಅತ್ತೆಯನ್ನೂ ಕರೆದುಕೊಂಡು ಹೊರಟೆವು. ಶಿರೂರಿನಲ್ಲಿ ನಾದಿನಿಯ ಹೊಸ ಮನೆಯ ವಾಸ್ತುಶಾಂತಿ. ದೂರ ಸುಮಾರು ಅರವತ್ತು ಕಿಲೋಮೀಟರ್. ಬಚ್ಚಲಲ್ಲಿ ಜಾರಿಬಿದ್ದ ನಮ್ಮ ಯಜಮಾನರ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಾಡಿಗೆ ಡ್ರೈವರನ್ನು ಕರೆಸೋಣ ಎಂದು ಹಿಂದಿನ ದಿನವೆಲ್ಲ ಇವರದು ಒಂದೇ ರಾಗ.

“ಹೈವೇ ಅದ, ನಮ್ಮ ಓಣಿ ಅಲ್ಲ.”

“ಲೈಸೆನ್ಸಿನ್ಯಾಗ ಓಣಿ ಅಂತ ಬರದಿಲ್ರೀ,” ಅಂದೆ.

ದನಿ ಏರಿಸದೆ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ದನಿ ಏರಿಸದಿದ್ದರೆ ಒಪ್ಪಿಕೊಂಡಂತೆ ಎಂದು ನಮ್ಮ ಮನೆಯಲ್ಲಿ ತಿಳಿದಿದ್ದಾರೆ. ಇವತ್ತು ಕಾರನ್ನು ನಾನೇ ಒಯ್ದು ನಾನೇ ತಂದರೆ ಸರಿ. ಇಲ್ಲವಾದರೆ ತರಕಾರಿ ಮಾರ್ಕೆಟ್ಟಿನಾಚೆ ಕೀ ನನ್ನ ಕೈಗೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು.

ವಾಘೋಲಿ ದಾಟುವಷ್ಟರಲ್ಲಿ ಚಳಿ ಬಿಟ್ಟು ಬಿಸಿಲು ಬಂದಿತ್ತು. ಕೋರೆಗಾಂವ್ ಆಚೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ಹೊರಟಿತ್ತು. ಇಂಡಿಕೇಟರ್ ಹಾಕಿ ಬಲಗಡೆ ಲೇನಿಗೆ ಬಂದು ಅದನ್ನು ದಾಟತೊಡಗಿದೆ. ಹಿಂದೆ ಬಿಳಿ ಜೀಪೊಂದು ಲೈಟು ಮಿಣುಕಿಸುತ್ತ, ಹಾರ್ನ್ ಒತ್ತುತ್ತ ಬೆನ್ನಿಗೆ ಅಂಟಿತು.

“ಎಡಕ್ಕ ಹಾಕು!” ಅಂದರು ಇವರು.

“ಎಲ್ಲಿ ಹಾಕ್ಲಿ, ಕಬ್ಬಿನ ಒಳಗ?”

“ಹಂಗಾದ್ರ ಜೋರ ಒತ್ತು!”

ಎರಡನ್ನೂ ಮಾಡಲಿಲ್ಲ. ಟ್ರ್ಯಾಕ್ಟರು ಪೂರ್ತಿ ಹಿಂದಾದದ್ದನ್ನು ಕನ್ನಡಿಯಲ್ಲಿ ನೋಡಿ ಎಡಕ್ಕೆ ಇಂಡಿಕೇಟರ್ ಹಾಕಿದೆ. ಅಷ್ಟರಲ್ಲಿ ಜೀಪು ಆ ಸಂದಿಯಲ್ಲೇ ಎಡದಿಂದ ನುಗ್ಗಿ ಇವರ ಕಿಟಕಿಗೆ ಸಮ ಬಂತು. ಕಿವಿಯಲ್ಲಿ ಸಣ್ಣ ಬಾಳಿ ತೊಟ್ಟ ಹುಡುಗ. ಎರಡೂ ಕೈ ಸ್ಟೇರಿಂಗಿನಿಂದ ತೆಗೆದು, ಚಪಾತಿ ಲಟ್ಟಿಸುವಂತೆ ನನ್ನತ್ತ ಮಾಡಿ ತೋರಿಸಿದ.

ಇವರು ಎಡಗೈಯಿಂದ ಗಾಜು ಇಳಿಸಲು ಬಟನ್ ಒತ್ತಿದರು. ಒತ್ತಿಯೇ ಒತ್ತಿದರು.

“ಯಾಕ ಇಳೀವಲ್ದಿದು?”

“ನಾ ಲಾಕ್ ಮಾಡೀನ್ರೀ.” ಎಲ್ಲ ಗಾಜುಗಳ ಬೀಗ ನನ್ನ ಬಾಗಿಲಲ್ಲಿತ್ತು.

“ತಗೀ! ಅವನಿಗೆ ನಾಕ್ ಮಾತು ಹೇಳಬೇಕು.”

“ತಗಿಯೂದಿಲ್ಲ. ಬೈಬೇಕಂದ್ರ ನನಗ ಬೈರಿ, ನಾ ಎಲ್ಲೂ ಹೋಗೂದಿಲ್ಲ.”

ಹಿಂದಿನ ಸೀಟಿನಿಂದ ಅತ್ತೆ, “ಬಿಡೋ, ಧೂಳು ಬರ್ತದ. ಇಳಕಲ್ ಸೀರಿ ಉಟ್ಟೀನಿ,” ಎಂದರು. ನಾನು ವೇಗ ಇಳಿಸಿದೆ. ಜೀಪು ಮುಂದೆ ಹೋಯಿತು.

ರಾಂಜಣಗಾಂವದಲ್ಲಿ ಅದೇ ಜೀಪು ಚಹದಂಗಡಿಯ ಮುಂದೆ ನಿಂತಿತ್ತು. “ನಿಲ್ಲಸು. ಈಗ ನೋಡ್ತೀನಿ ಅವನ್ನ.”

“ಒಂದ ಕೈಲೆ ಹೊಡದಾಡ್ತೀರೇನು?” ಎಂದು ಕೇಳಿ, ನಿಲ್ಲಿಸದೆ ಗಣಪತಿ ಗುಡಿಯ ಪಾರ್ಕಿಂಗಿಗೆ ಒಯ್ದೆ. ದರ್ಶನದ ಸಾಲಿನಲ್ಲಿ ಇವರು ನನ್ನನ್ನು ಬಿಟ್ಟು ಅತ್ತೆಯ ಮುಂದೆ ಹೋಗಿ ನಿಂತರು. ಆಮೇಲೆ ಹೋಟೆಲಿನಲ್ಲಿ ಪಾವ್ ಜೊತೆ ತಿಂದ ಮಿಸಳ್ ಎಂಬತ್ತು ರೂಪಾಯಿಯದು, ಭಾಳ ಖಾರ. ಆಗ ನೀರಿನ ಲೋಟ ಮಾತ್ರ ನನ್ನ ಕಡೆಯಿಂದ ತೆಗೆದುಕೊಂಡರು.

ಶಿರೂರಿನಲ್ಲಿ ಊಟವಾದ ಮೇಲೆ ಗಂಡಸರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡರು. ಜೀಪಿನ ಕಥೆ ಹೇಳುತ್ತಿದ್ದವರು ಇವರು. ಅದರಲ್ಲಿ ಜೀಪಿನವನು ಹೆದರಿ ಓಡಿಹೋಗಿದ್ದ. ನಾದಿನಿಯ ಗಂಡ ಶ್ರೀಪಾದ ಎದ್ದು ಬಂದು ಕೈ ಚಾಚಿದರು.

“ಕೀ ಕೊಡ್ರಿ ವೈನಿ. ನಮ್ಮ ಡ್ರೈವರ್ ನಿಮ್ಮನ್ನ ಪುಣೆಕ್ಕ ಬಿಟ್ಟು ಬರ್ತಾನ.”

“ನಿಮ್ಮ ಡ್ರೈವರಿಗೆ ಇನ್ನೊಂದೆರಡು ಹೋಳಿಗಿ ಬಡಸ್ರಿ. ಗಾಡಿ ನಾ ಒಯ್ತೀನಿ.”

“ಹಟ ಮಾಡಬ್ಯಾಡ,” ಎಂದರು ಇವರು, ಎಲ್ಲರೆದುರಿಗೆ.

“ಹಟಾನ ಅನ್ಕೋರಿ. ನಾಲ್ಕಕ್ಕ ಹೊಂಡತೀನಿ. ಬರೋರು ಬರ್ರಿ, ಉಳದೋರಿಗೆ ಬಸ್ ಅದ.”

ಅತ್ತೆ ಸೆರಗು ಸರಿಪಡಿಸಿಕೊಂಡು ಹೋಗಿ ಮುಂದಿನ ಸೀಟಿನಲ್ಲೇ ಕುಳಿತರು. “ಹಿಂದ ಕೂತು ಸೊಂಟ ಹೋಗೇದವ್ವಾ,” ಎಂದು ಯಾರೂ ಕೇಳದಿದ್ದರೂ ಹೇಳಿದರು.

ಇವರು ಗೇಟಿನ ಬಳಿ ನಿಂತೇ ಇದ್ದರು. ನಾಲ್ಕಕ್ಕೆ ಗಾಡಿ ಶುರು ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ನಾಲ್ಕು ಮಾರು ಮುಂದೆ ಬಂದೆ. ಹಿಂದಿನ ಬಾಗಿಲು ತೆರೆಯಿತು. ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು ಹತ್ತಿ, ನಟ್ಟನಡುವೆ ಕುಳಿತರು.

ತಿರುವಿನಲ್ಲಿ ಶಿರೂರನ್ನು ಕೊನೆಯ ಸಲ ನೋಡೋಣವೆಂದು ಕನ್ನಡಿಗೆ ಕಣ್ಣು ಹಾಯಿಸಿದೆ. ಅದರ ತುಂಬ ಇವರ ಮುಖವೇ ಇತ್ತು.

“ಸ್ವಲ್ಪ ಬಾಜೂಕ ಸರೀರಿ,” ಅಂದೆ. “ಹಿಂದಿನ ಗಾಡಿ ಕಾಣವಲ್ದು.”

ಸರಿದು ಕುಳಿತರು.