ಓ ಅನ್ನುವ ತನಕ

ಮೊನ್ನೆ ಭಾಲ್ಕಿಯ ಮದುವೆಯಲ್ಲಿ ನನ್ನ ಮೈದುನ ಊಟಕ್ಕೆ ಕೂತವರ ಮುಂದೆ ಚೇಷ್ಟೆ ಮಾಡಿದ.

"ಕುರಿ ಕಾಯಾವನಿಗಿ ಹಡಗ ಕಾಯಾಕ ಕೊಟ್ಟರ ಮತ್ತೇನಾಗ್ತದ್ರಿ? ನಮ್ಮಣ್ಣ ಮಲಗಿದ, ಹಡಗ ಹೋಗಿ ದೋಣಿಗಿ ಬಡೀತು."

ಎಲ್ಲರೂ ನಕ್ಕರು. ನಾನು ತಟ್ಟೆಯಲ್ಲಿದ್ದ ಹೋಳಿಗೆ ನೋಡುತ್ತ ಕೂತೆ. ಬೀದರಿಗೆ ಬರುವಾಗ ಬಸ್ಸಿನಲ್ಲಿ ಮೊಮ್ಮಕ್ಕಳು ನೀವು ಕೇಳಿದಿರಿ, "ಆಯಿ, ಮುತ್ಯಾ ಮಲಗಿದ್ದು ಖರೇ ಏನು?" ಆಗಲೂ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರು ಮಲಗಿರಲಿಲ್ಲ.

ಔರಾದ್ ಕಡೆಯ ನಮ್ಮ ಊರಲ್ಲಿ ನಿಮ್ಮ ಮುತ್ಯಾ ಕುರಿ ಕಾಯುತ್ತಿದ್ದರು. ದೂರದ ದಿಬ್ಬದ ಮೇಲೆ ನಿಂತದ್ದು ನಾಯಿಯೋ ತೋಳವೋ ಎಂದು ನಾವು ಕಣ್ಣು ಕಿರಿದು ಮಾಡುವಷ್ಟರಲ್ಲಿ ಅವರು ಹೇಳಿಬಿಡುತ್ತಿದ್ದರು. ಬೀದರಿನಲ್ಲಿ ಉಣ್ಣೆ ಕೊಳ್ಳುತ್ತಿದ್ದ ಚಾಚಾ ಒಬ್ಬರು ಆ ಕಣ್ಣು ನೋಡಿ, ಮುಂಬೈಯಲ್ಲಿದ್ದ ತಮ್ಮ ಮಗನ ಕಡೆಯಿಂದ ಅವರನ್ನು ಹಡಗಿನ ಕೆಲಸಕ್ಕೆ ಸೇರಿಸಿದರು. ಮಂಜು ಕವಿದಾಗ ಹಡಗಿನ ಮೂತಿಯಲ್ಲಿ ನಿಲ್ಲಬೇಕು. ನೀರಿನ ಮೇಲೆ ಏನು ಕಂಡರೂ ವಾಕಿಟಾಕಿಯಲ್ಲಿ, ಮೇಲೆ ಹಡಗು ನಡೆಸುವ ಸಾಹೇಬರಿಗೆ ಹೇಳಬೇಕು. ಅವರು ಕೇಳಿಸಿತು ಅನ್ನುವ ತನಕ ಹೇಳುತ್ತಲೇ ಇರಬೇಕು.

ದೋಣಿಗೆ ಬಡಿದ ಆ ಬೆಳಿಗ್ಗೆ ಮಂಜಿನಲ್ಲಿ ಅವರಿಗೆ ಎದುರಿಗೆ ಮೀನುಗಾರರ ದೋಣಿ ಕಂಡಿತು. ಹೇಳಿದರು. ಮೇಲಿನಿಂದ ಜವಾಬು ಬರಲಿಲ್ಲ. ಸಾಹೇಬರು ಏನೋ ಲೆಕ್ಕ ಹಾಕುತ್ತಿರಬೇಕು ಎಂದುಕೊಂಡು ಸುಮ್ಮನೆ ನಿಂತರು. ನಮ್ಮ ಮನೆಗಳಲ್ಲಿ ಹಿರಿಯರಿಗೆ ಒಂದು ಮಾತನ್ನು ಎರಡು ಸಲ ಹೇಳುವ ರೂಢಿಯಿಲ್ಲ. ನಾನೂ ನನ್ನ ಮಾವನಿಗೆ ರೊಟ್ಟಿಯಾಯಿತು ಎಂದು ಬಾಗಿಲಲ್ಲಿ ಒಂದು ಸಲ ಹೇಳಿ, ರೊಟ್ಟಿ ಆರಿದರೂ ಅಲ್ಲೇ ನಿಂತಿರುತ್ತಿದ್ದೆ. ನಿಮ್ಮ ಮುತ್ಯಾ ಮತ್ತೆ ವಾಕಿಟಾಕಿ ಬಾಯಿಗೆ ಹಿಡಿಯುವಷ್ಟರಲ್ಲಿ ದೋಣಿ ಹಡಗಿನ ಅಡಿಗೆ ಹೋಗಿತ್ತು. ಅದರಲ್ಲಿದ್ದ ತಂದೆ ಮಗ ಸಿಗಲಿಲ್ಲ.

ವಿಚಾರಣೆಯಲ್ಲಿ ಸಾಹೇಬರು ತಮಗೇನೂ ಕೇಳಿಸಲಿಲ್ಲ ಎಂದರಂತೆ. ನಿಜವಾಗಿಯೂ ಕೇಳಿಸಿರಲಿಲ್ಲವೋ ಏನೋ. ಕಾವಲಿನವನು ಎಚ್ಚರಿಕೆಯಿಂದಿರಲಿಲ್ಲ ಎಂದು ತೀರ್ಮಾನವಾಯಿತು. ಆ ಮಾತು ಊರಿಗೆ ಬರುವಾಗ ಮಲಗಿದ್ದ ಎಂದಾಗಿತ್ತು.

ಕೆಲಸ ಹೋಗಿ ಊರಿಗೆ ಮರಳಿದ ನಿಮ್ಮ ಮುತ್ಯಾ ಯಾರ ಮೇಲೂ ಸಿಟ್ಟಾಗಲಿಲ್ಲ. "ಇನ್ನೊಮ್ಮೆ ಒದರಬೇಕಾಗಿತ್ತು ನೋಡು," ಎಂದು ನನಗಷ್ಟೇ ಹೇಳುತ್ತಿದ್ದರು. ಕುರಿ ಕಾಯುವಾಗಲೂ, ಹೊಲದಲ್ಲೂ, ಬೀದರಿನ ಚಿದ್ರಿಯ ಈ ಮನೆಗೆ ಬಂದ ಮೇಲೂ ಅದೇ ಮಾತು. ಮಾಳಿಗೆಯಿಂದ ಅವರು ನಿಮ್ಮನ್ನು ಕರೆಯುತ್ತಿದ್ದದ್ದು ನೆನಪಿದೆಯೇ? ನೀವು ಓ ಅನ್ನುವ ತನಕ ಬಿಡುತ್ತಿರಲಿಲ್ಲ. "ಬಂದೇವ್ರಿ ಮುತ್ಯಾ, ಕಿವಿ ಕೇಳ್ಸಂಗಿಲ್ಲೇನು ನಿಮಗ!" ಎಂದು ನೀವು ರೇಗುತ್ತಿದ್ದಿರಿ. ಅವರ ಕಿವಿ ಚೆನ್ನಾಗಿಯೇ ಇತ್ತು.

ನನಗೆ ದಣಿವಾಗಿದೆ. ಈ ಮಾತು ಹೊತ್ತು ಹೊತ್ತು ಸಾಕಾಗಿದೆ. ಇಷ್ಟು ಬರೆದ ಮೇಲೆ ಭಾಲ್ಕಿಯ ಮೈದುನನಿಗೆ ಫೋನ್ ಮಾಡಿದೆ.

"ನಿಮ್ಮಣ್ಣ ಮಲಗಿರಲಿಲ್ಲ. ದೋಣಿ ನೋಡ್ಯಾರ, ಹೇಳ್ಯಾರ."

"ಹೋಗ್ಲಿ ಬಿಡ್ರಿ ವೈನಿ, ಹಳೇ ಮಾತು. ಜ್ವಾಳ ರಾಶಿ ಆಯ್ತೇನು?"

ಬೇರೆ ದಿನವಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಬಿಡಲಿಲ್ಲ.

"ನಿಮ್ಮಣ್ಣ ಮಲಗಿರಲಿಲ್ಲ."

ಆ ಕಡೆ ಮಾತಿಲ್ಲ. ಮತ್ತೆ ಹೇಳಿದೆ. ನನ್ನ ದನಿ ನನಗೇ ದೊಡ್ಡದೆನಿಸಿತು.

"ಹೂಂ ವೈನಿ," ಅಂದ ಮೈದುನ, ಮೆಲ್ಲಗೆ. "ಕೇಳಿಸ್ತು."

ಆಮೇಲೆ ಫೋನ್ ಇಟ್ಟೆ.