ಜೂನ್ ಒಂದಕ್ಕೆ ಹುಟ್ಟಿದ ಯಮುನಾ

2018ರ ಜುಲೈ 9ರಂದು, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ನಾನು ಮಕ್ಕಳ ರಕ್ಷಣೆಯ ಕ್ಷೇತ್ರ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ನನ್ನ ಪಾಲಿಗಿದ್ದವು. ತಂದೆ ತಾಯಿ ಇಲ್ಲದ, ಇದ್ದರೂ ಅವರ ಆರೈಕೆ ಸಿಗದ ಮಕ್ಕಳನ್ನು ತಿಂಗಳಿಗೊಮ್ಮೆ ಕಂಡು, ಓದು, ಊಟ, ಆರೋಗ್ಯ ವಿಚಾರಿಸಿ ವರದಿ ಬರೆಯುವುದು ಕೆಲಸ. ಇದಲ್ಲದೆ ನನ್ನದೇ ಒಂದು ಡೈರಿಯೂ ಇತ್ತು. ಯಾವ ದಿನ, ಯಾವ ಊರು, ಎಷ್ಟನೇ ಭೇಟಿ ಎಂಬುದೆಲ್ಲ ಅದರಲ್ಲಿ ಬರೆಯುತ್ತಿದ್ದೆ.

ನನಗೆ ಮೊದಲು ಸಿಕ್ಕ ಕೇಸ್ ಫೈಲ್ ಒಬ್ಬ ಹುಡುಗಿಯದು. ಇಲ್ಲಿ ಅವಳನ್ನು ಯಮುನಾ ಎನ್ನುತ್ತೇನೆ. ತದಡಿಯಲ್ಲಿ ಸಿಗಡಿ ಸುಲಿಯುತ್ತಿದ್ದ ತಾಯಿ ತೀರಿಕೊಂಡಿದ್ದಳು. ಬೋಟಿನ ಕೆಲಸಕ್ಕೆಂದು ಹೋದ ತಂದೆ ಮರಳಿರಲಿಲ್ಲ. ನಡುವೆ ಒಂದು ವರ್ಷ ಶಾಲೆಯೂ ತಪ್ಪಿ, ಆಮೇಲೆ ಕುಮಟೆಯ ಒಂದು ಬಾಲಕಿಯರ ನಿಲಯ ಸೇರಿದ್ದ ಅವಳು ಆಗ ಏಳನೇ ತರಗತಿಯಲ್ಲಿದ್ದಳು. ಫೈಲಿನ ಪ್ರಕಾರ ಹುಟ್ಟಿದ ದಿನ 2005ರ ಜೂನ್ 1.

ಆಗಸ್ಟಿನಲ್ಲಿ ತದಡಿಗೆ ಹೋಗಿ ಅವಳ ಅಜ್ಜಿಯನ್ನು ಕಂಡೆ. ಒಣಮೀನು ಹರವುತ್ತಲೇ ಅಜ್ಜಿ ನಕ್ಕಳು.

"ಜೂನ್ ಒಂದಾ? ಅದು ಮಾಸ್ತರು ಹುಟ್ಸಿದ್ದು, ಅಕ್ಕೋರೇ. ನನ್ನ ಮಗಳು ಹೆತ್ತದ್ದು ಮನೆ ಬಾಗಿಲಿಗೆ ಕದಿರು ಕಟ್ಟೂ ಹೊತ್ತಲ್ಲಿ. ಅದೂ ಮುಂದಿನ ವರ್ಷ!"

ಬಾಗಿಲಿಗೆ ಹೊಸ ಭತ್ತದ ತೆನೆ ಕಟ್ಟುವುದೆಂದರೆ ಅಕ್ಟೋಬರ್ ಸುಮಾರು, ಅಜ್ಜಿಯ ಲೆಕ್ಕಕ್ಕೆ 2006ರದ್ದು. ನಮ್ಮ ಕಡೆ ಮನೆಯಲ್ಲೇ ಹುಟ್ಟಿ, ಜನನ ಪತ್ರವಿಲ್ಲದ ಎಷ್ಟೋ ಮಕ್ಕಳಿಗೆ ಶಾಲೆ ಶುರುವಾಗುವ ದಿನವೇ ಹುಟ್ಟಿದ ದಿನ. ಯಮುನಾಳ ವಿಷಯದಲ್ಲಿ ವರ್ಷವನ್ನೂ ಹಿಂದಕ್ಕೆ ಸರಿಸಿದ್ದರು. ತಾಯಿ ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗಬೇಕು, ಮಗುವನ್ನು ಬಿಡಲು ಜಾಗವಿಲ್ಲ. ಮಾಸ್ತರು ದಯೆತೋರಿ ಐದು ತುಂಬದ ಮಗುವಿಗೆ ಆರು ಎಂದು ಬರೆದು ಒಂದನೇ ತರಗತಿಗೆ ಸೇರಿಸಿದ್ದರು. "ಮಧ್ಯಾಹ್ನ ಉಂಬೂಕಾದ್ರೂ ಸಿಕ್ತಲ್ಲ," ಅಂದಳು ಅಜ್ಜಿ.

ವಯಸ್ಸಿಗೆ ಶಾಲೆಯ ದಾಖಲೆಯೇ ಮೊದಲ ಆಧಾರ ಎಂಬುದು ನಮ್ಮ ಕೆಲಸದ ನಿಯಮ. ಹಾಗಾಗಿ ವರದಿಯಲ್ಲಿ ಜೂನ್ 1 ಎಂದೇ ಬರೆದೆ. ಡೈರಿಯಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ ಬರೆದುಕೊಂಡೆ: "ವಯಸ್ಸು ಸರಿಪಡಿಸಬೇಕು. ಅಜ್ಜಿಯ ಹೇಳಿಕೆ ಕೊಡಿಸಬೇಕು."

ನಿಲಯದ ಮೇಲ್ವಿಚಾರಕಿಗೆ ಹೇಳಿದಾಗ, "ಈಗ್ಲೇ ಎಂತಕ್ಕೆ? ಹದಿನೆಂಟಾಗಿ ನಿಲಯ ಬಿಡೂಕೆ ಇನ್ನೂ ಐದು ವರ್ಷ ಇದೆಯಲ್ಲ," ಎಂದರು. ನನಗೂ ಸರಿಯೆನ್ನಿಸಿತು. ಡಿಸೆಂಬರ್ ಕೊನೆಗೆ, ಬಾಕಿ ಉಳಿದ ಕೆಲಸಗಳನ್ನು ಹೊಸ ಡೈರಿಗೆ ಇಳಿಸಿಕೊಳ್ಳುವುದು ನನ್ನ ರೂಢಿ. ಆ ಸಾಲನ್ನೂ ಇಳಿಸಿಕೊಂಡೆ. ಮುಂದಿನ ವರ್ಷವೂ ಇಳಿಸಿಕೊಂಡೆ. ಅಜ್ಜಿಯನ್ನು ಒಂದು ದಿನ ಕುಮಟೆಗೆ ಕರೆತಂದು ಹೇಳಿಕೆ ಬರೆಸಿದ್ದರೆ ಕೆಲಸ ಶುರುವಾಗುತ್ತಿತ್ತು. 2021ರಲ್ಲಿ ಅಜ್ಜಿ ತೀರಿಕೊಂಡಳು. ಮರುವರ್ಷ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಅದೇ ತಾರೀಕು ಅಚ್ಚಾಯಿತು. ಸಾಕ್ಷಿ ಹೇಳುವವಳೇ ಇಲ್ಲದ ಮೇಲೂ ಆ ಸಾಲನ್ನು ನಾನು ಹೊಸ ಡೈರಿಗೆ ಇಳಿಸಿಕೊಂಡೆ. ಒಟ್ಟು ಐದು ಸಲ, ಅದೇ ಕೆಂಪು ಶಾಯಿಯಲ್ಲಿ.

ಈ ನಡುವೆ ಯಮುನಾ ಚೆನ್ನಾಗಿ ಬೆಳೆದಳು. ನಿಲಯದಲ್ಲಿ ಜೂನ್ ಒಂದರ ನಾಲ್ಕು ಹುಡುಗಿಯರಿಗೆ ಸೇರಿ ಒಂದೇ ಕೇಕು. ಕತ್ತರಿಸುವಾಗಲೆಲ್ಲ ಅವಳು, "ನಂದು ಸುಳ್ಳು ತುಂಡು, ಅಕ್ಕಾ," ಎಂದು ನಗುತ್ತಿದ್ದಳು. ನರ್ಸ್ ಆಗುವ ಆಸೆಯಿಂದ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಐವತ್ತೆಂಟು ತಿಂಗಳಲ್ಲಿ ಅವಳನ್ನು ಐವತ್ತಾರು ಸಲ ಕಂಡಿದ್ದೆ. ತಪ್ಪಿದ ಎರಡೂ ಲಾಕ್‌ಡೌನಿನವು. ಪರಿಶೀಲನಾ ಸಭೆಯಲ್ಲಿ ಇದಕ್ಕಾಗಿ ನನ್ನನ್ನು ಹೊಗಳಿದ್ದರು.

2023ರ ಜೂನ್ 1ಕ್ಕೆ, ದ್ವಿತೀಯ ಪಿಯುಸಿಯ ಹೊಸ್ತಿಲಲ್ಲಿ, ಯಮುನಾಗೆ ಕಾಗದದ ಮೇಲೆ ಹದಿನೆಂಟು ತುಂಬಿತು. ನಿಲಯದ ಹಾಸಿಗೆ ಬಿಡಬೇಕಾಯಿತು. ಹದಿನೆಂಟು ದಾಟಿದವರಿಗೆ ಆಫ್ಟರ್‌ಕೇರ್ ಎಂಬ ಮುಂದಿನ ನೆರವು ಇದೆ. ಆದರೆ ನಮಗೆ ಸಿಕ್ಕ ಜಾಗ ಘಟ್ಟದಾಚೆಯ ನಗರದಲ್ಲಿತ್ತು. ಅಲ್ಲಿ ಪಿಯುಸಿಯ ನಡುವೆ ಸೇರಿಸಿಕೊಳ್ಳುವ ಕಾಲೇಜು ಸಿಗಲಿಲ್ಲ. ಶಿರಾಲಿಯಲ್ಲಿದ್ದ ದೊಡ್ಡಮ್ಮ, ಅಂದರೆ ತಾಯಿಯ ಅಕ್ಕ, ಬಂದು ಕರೆದೊಯ್ದಳು. ಶಿರಾಲಿಯಿಂದ ಕುಮಟೆಯ ಕಾಲೇಜಿಗೆ ಬಸ್ಸಿನಲ್ಲೇ ಹೋಗಿಬರುತ್ತೇನೆಂದಳು ಯಮುನಾ. ಹನ್ನೊಂದು ದಿನ ಹೋದಳು. ಆಮೇಲೆ ದೊಡ್ಡಮ್ಮನ ಮನೆಯ ಕೆಲಸವೇ ಕಾಲೇಜಾಯಿತು.

ಡಿಸೆಂಬರ್ 6ರಂದು ಒಬ್ಬ ಅಂಗನವಾಡಿ ಕಾರ್ಯಕರ್ತೆ ಫೋನ್ ಮಾಡಿದರು: "ನಾಳೆ ಗೇರುಸೊಪ್ಪದಲ್ಲಿ ನಿಮ್ಮ ಯಮುನಾಳ ಮದುವೆ." ಕದಿರಿನ ಲೆಕ್ಕದಲ್ಲಿ ಅವಳಿಗೆ ಹದಿನೇಳು ತುಂಬಿ ಎರಡು ತಿಂಗಳು. ಬೆಳಿಗ್ಗೆ ಒಬ್ಬ ಪೊಲೀಸ್ ಪೇದೆಯೊಂದಿಗೆ ಹೋದೆ. ವರನ ಮನೆಯಂಗಳದ ಚಪ್ಪರದಲ್ಲಿ ದೊಡ್ಡಮ್ಮ ಎದುರಾದಳು.

"ಹುಡುಗಿಗೆ ಹದಿನೆಂಟಾಗಿಲ್ಲ, ಮದುವೆ ನಿಲ್ಲಿಸಿ," ಎಂದೆ.

"ಬನ್ನಿ ಮೇಡಂ, ಆಸ್ರಿ ಕುಡೀರಿ ಮೊದ್ಲು. ಜೂನಲ್ಲಿ ದೊಡ್ಡವಳಾದ್ಳು, ಕರ್ಕಂಡ್ಹೋಗಿ ಅಂದ್ರಿ. ಈಗ ಸಣ್ಣವಳಾದ್ಳಾ? ನಿಮ್ಮ ನಿಲಯದ ಮಕ್ಕಳು ಹಿಂದೆ ಹಿಂದೆ ಬೆಳೀತಾರೆ ಎಂತ?"

ಚಪ್ಪರದವರೆಲ್ಲ ನಕ್ಕರು. ಅವಳು ಒಳಗಿನಿಂದ ಕಾಗದವೊಂದನ್ನು ತಂದು ಪೇದೆಯ ಕೈಗಿಟ್ಟಳು. ನಿಲಯದ ಬಿಡುಗಡೆ ಪತ್ರ. "ಹದಿನೆಂಟು ವರ್ಷ ಪೂರ್ಣಗೊಂಡಿದೆ" ಎಂಬ ಷರಾದ ಕೆಳಗೆ ನನ್ನ ಸಹಿ ಇತ್ತು.

"ಮೇಡಂ, ನಿಮ್ಮ ಹತ್ರ ಬೇರೆ ದಾಖಲೆ ಎಂತಾದ್ರೂ ಇದ್ಯಾ?" ಎಂದು ಪೇದೆ ಕೇಳಿದ.

ಬ್ಯಾಗಿನಲ್ಲಿ 2018ರ ಡೈರಿ ಇತ್ತು. ಸತ್ತ ಅಜ್ಜಿಯ ಮಾತು, ನನ್ನ ಅಕ್ಷರ. ಅದನ್ನು ಹೊರಗೆ ತೆಗೆಯಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅಂಕಪಟ್ಟಿ ಇರುವಾಗ ಡೈರಿ ನಿಲ್ಲುವುದಿಲ್ಲ ಎಂದರು.

ಯಮುನಾಳನ್ನು ಕಾಣಲು ಐದು ನಿಮಿಷ ಬಿಟ್ಟರು. ಅವಳು ಅಳುತ್ತಿರಲಿಲ್ಲ.

"ನಿಂಗೆ ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಹೇಳು," ಎಂದೆ.

"ಹೇಳಿ ಎಲ್ಲಿಗೆ ಹೋಗ್ಲಿ, ಅಕ್ಕಾ? ನಿಮ್ಮಲ್ಲಿ ಜಾಗ ಇದ್ಯಾ?"

ಇರಲಿಲ್ಲ. "ಆತು, ನೀವು ಹೋಗಿ. ಬಸ್ಸು ತಪ್ಪಿಹೋತದೆ," ಎಂದು ಅವಳೇ ನನ್ನನ್ನು ಕಳುಹಿಸಿಕೊಟ್ಟಳು.

2025ರ ಆಗಸ್ಟಿನಲ್ಲಿ ಹೊನ್ನಾವರದ ಆಸ್ಪತ್ರೆಯ ಮುಂದೆ ಅವಳು ಸಿಕ್ಕಳು. ತೋಳಲ್ಲಿ ಒಂದೂವರೆ ತಿಂಗಳ ಹೆಣ್ಣುಮಗು, ಚುಚ್ಚುಮದ್ದಿಗೆಂದು ಬಂದಿದ್ದಳು. ಗುರುತು ಸಿಕ್ಕಿದ ಕೂಡಲೇ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಅದರಲ್ಲಿ ಜನನ ಪತ್ರ, ಜೊತೆಗೆ ಮೂರು ಜೆರಾಕ್ಸ್. ಮಗುವಿನ ಹೆಸರಿನ ಜಾಗ ಖಾಲಿ ಇತ್ತು.

"ಹೆಸ್ರು ಆಮೇಲೆ ಬರಸೂಕಾತದೆ," ಎಂದಳು. "ತಾರೀಕು ನೋಡಿ. ಹೆತ್ತ ಮೂರನೇ ದಿನಕ್ಕೇ ಅರ್ಜಿ ಕೊಡ್ಸಿದೆ. ನಿಮ್ಮ ಡೈರಿಗೆ ಬರ್ಕಣಿ, ಅಕ್ಕಾ."

ಅವಳ ದನಿಯಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಬರೆದುಕೊಂಡೆ.

ತಾಯ್ತಂದೆಯ ಆಸರೆಯಿಲ್ಲದ ಮಗುವಿಗೆ ನಾವು ವರ್ಷಗಟ್ಟಲೆ ಅನ್ನ, ಹಾಸಿಗೆ, ಪುಸ್ತಕ ಕೊಡುತ್ತೇವೆ. ಅದೆಲ್ಲ ಮುಂದೆ ಅದರ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಯಾರೋ ಒಬ್ಬರು ಒಂದು ದಿನ ಬಿಡುವು ಮಾಡಿಕೊಂಡರೋ ಇಲ್ಲವೋ ಎಂಬುದರ ಮೇಲೆ ನಿಂತಿರಬಹುದು. ತಾಯಿ ಬದುಕಿದ್ದರೆ ಆ ದಿನವನ್ನು ಹೇಗಾದರೂ ಹೊಂದಿಸುತ್ತಿದ್ದಳು. ನಾನು ಐವತ್ತಾರು ದಿನ ಹೋದೆ, ಆ ಒಂದು ದಿನ ಹೋಗಲಿಲ್ಲ. ಈಗ ಹೊಸ ಫೈಲ್ ಬಂದರೆ ಮೊದಲ ವಾರದಲ್ಲೇ ವಯಸ್ಸಿನ ಅರ್ಜಿ ಹಾಕಿಸುತ್ತೇನೆ. ಈವರೆಗೆ ಒಂಬತ್ತು ಮಕ್ಕಳದ್ದು ಸರಿಯಾಗಿದೆ. ಹತ್ತನೆಯದಾಗಿ ಯಾರ ಹೆಸರು ಬಂದರೂ ಅದು ಯಮುನಾಳದ್ದಾಗುವುದಿಲ್ಲ.