ಗಂಟಲಲ್ಲಿ ನಿಂತ ಇಸಬಗೋಲ್

ಯಾರಾದರೂ ನೀರು ಕುಡಿಯುತ್ತಿದ್ದರೆ ನನ್ನ ಕಣ್ಣು ಈಗ ಮೊದಲು ಅವರ ಗಂಟಲಿಗೆ ಹೋಗುತ್ತದೆ. ಗುಟುಕು ಇಳಿಯಿತೇ, ಮುಂದಿನದು ಇಳಿಯಿತೇ ಎಂದು ನೋಡುತ್ತೇನೆ. ಕಚೇರಿಯಲ್ಲಿ ಎದುರಿನ ಮೇಜಿನವರು ಒಮ್ಮೆ ಕೇಳಿಯೇ ಬಿಟ್ಟರು, “ಯಾಕ್ರಿ ಮೇಡಂ, ನನ್ನ ಕುತಿಗಿ ಮ್ಯಾಲ ಏನರ ಬರದೈತೇನ್ರಿ?” ನಕ್ಕು ಕಡತಕ್ಕೆ ಮುಖ ಹಾಕಿದೆ. ಹೇಳಹೊರಟರೆ ಬಸ್ಸಿನಿಂದ ಶುರುಮಾಡಬೇಕು.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ, ಬೇವೂರಿನವಳು. ಕೊಪ್ಪಳದ ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸ ಸಿಕ್ಕ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಊರಲ್ಲಿದ್ದಾಗ ಅವಳ ಊಟವೆಂದರೆ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಹೊಲದ ಬದುವಿನಿಂದ ಕಿತ್ತು ತಂದ ಹಸಿ ಹಕ್ಕರಿಕೆ ಸೊಪ್ಪು. ಇಲ್ಲಿ ಹುಡುಗರಿಗೆ ಅನ್ನ ಸಾರು, ಉಳಿದದ್ದರಲ್ಲಿ ಅವಳಿಗೂ ಅನ್ನ ಸಾರು. ಒಲೆಯ ಮುಂದೆ ಬೆವರು ಸುರಿಯುತ್ತಿದ್ದರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಎದ್ದು ಹೋಗಬೇಕು, ಎದ್ದು ಹೋದರೆ ಅನ್ನ ತಳ ಹಿಡಿಯುತ್ತದೆ ಎಂಬ ಚಿಂತೆ. ಹೀಗೆ ಹೊಟ್ಟೆ ಕಟ್ಟಿಕೊಂಡಿತು. ಬೆಳಿಗ್ಗೆ ಬಚ್ಚಲುಮನೆ ಹೊಕ್ಕರೆ ಬೇಗ ಹೊರಗೆ ಬರುತ್ತಿರಲಿಲ್ಲ, ಬಂದಾಗ ಮುಖ ಬಾಡಿರುತ್ತಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ದೊಡ್ಡ ಕಾಯಿಲೆಯೇನೂ ಇಲ್ಲ ಎಂದು ನೋಡಿಕೊಂಡ ಮೇಲೆ ವೈದ್ಯರು ಇಸಬಗೋಲ್ ಬರೆದರು. ದಿನಕ್ಕೆ ಒಂದು ಚಮಚ, ತುಂಬಿದ ಲೋಟ ನೀರಿನಲ್ಲಿ ಕಲಸಿ, ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ಮನೆಗೆ ಬಂದು ಪೊಟ್ಟಣ ಬಿಚ್ಚಿದ ಚಿಗವ್ವ ಅಂಗೈಗೆ ಸುರಿದುಕೊಂಡು ಊದಿ ನೋಡಿದಳು.

“ಇದು ಹೊಟ್ಟಲ್ಲೇನ? ಎತ್ತಿಗೆ ಹಾಕೋದನ್ನ ನನಗ ಹಾಕಾಕತ್ತೀಯಲ್ಲ ಬೇ!”

“ಔಷಧ ಚಿಗವ್ವ.”

“ಔಷಧಾನ? ಹಂಗಾರ ನಮ್ಮ ಎತ್ತು ಹುಟ್ಟಿದಾಗಿಂದ ದವಾಖಾನ್ಯಾಗ ಇದ್ದಂಗಾತು ಬಿಡು.”

ಆದರೆ ಹೊಟ್ಟು ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಅವಳ ಮುಖ ತಿಳಿಯಾಯಿತು. ಹಾಸ್ಟೆಲ್ಲಿನ ಹೆಂಗಸರಿಗೆಲ್ಲ ಅವಳೇ ಇಸಬಗೋಲ್ ಹೇಳತೊಡಗಿದಳು. ಎಲೆ ಅಡಿಕೆ ಇಡುವ ಸಂಚಿಯಲ್ಲಿ ಒಂದು ಖಾನೆ ಅದಕ್ಕೇ ಮೀಸಲಾಯಿತು. ಎಲ್ಲಿಗೆ ಹೋದರೂ ಅದು ಜೊತೆಗಿರಬೇಕು.

ಅವಳಿಗೆ ಇನ್ನೊಂದು ನೇಮವಿತ್ತು, ನಾನು ಹುಟ್ಟುವ ಮೊದಲಿನದು. ಹುಣ್ಣಿಮೆಗೆ ಹುಲಿಗಿಗೆ ಹೋಗುವ ದಿನ ಹುಲಿಗೆಮ್ಮನ ಮುಖ ನೋಡುವವರೆಗೆ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಈ ಎರಡು ಒಂದೇ ದಿನ, ಒಂದೇ ಬಾಯಿಯಲ್ಲಿ ಎದುರಾಗುತ್ತವೆಂದು ಯಾರು ಯೋಚಿಸಿರುತ್ತಾರೆ?

ಆ ಹುಣ್ಣಿಮೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಚಿಗವ್ವನಿಗೆ ಕಿಟಕಿಯ ಪಕ್ಕ, ನನಗೆ ಅವಳ ಪಕ್ಕ ಸೀಟು ಸಿಕ್ಕಿತ್ತು. ನಿಂತ ಹೆಂಗಸರ ಕೈಯಲ್ಲಿ ಬುಟ್ಟಿ, ಹಣೆಯಲ್ಲಿ ಭಂಡಾರದ ಅರಿಸಿನ. ಊರು ದಾಟಿದ ಮೇಲೆ ಅವಳು ಸಂಚಿ ಬಿಚ್ಚಿದಳು. ಎಲೆ ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಅಂಗೈ ತುಂಬ ಇಸಬಗೋಲ್ ಸುರಿದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಪುಟಾಣಿ ಹಿಟ್ಟು ಮುಕ್ಕಿದ ಹಾಗೆ ಬಾಯಿಗೆ ಒಗೆದುಕೊಂಡಳು.

“ಚಿಗವ್ವ, ನೀರು!” ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ.

ಅವಳು ಬಾಟಲಿಯನ್ನು ಮೊಣಕೈಯಿಂದ ಆಚೆ ತಳ್ಳಿದಳು. ಬಾಯಿ ತುಂಬಿಸಿಕೊಂಡೇ ಮಾತಾಡಿದಳು. “ಔಷಧಕ್ಕ ದೋಷ ಇಲ್ಲ ಯವ್ವ. ನೀರು ನಡ್ಯಂಗಿಲ್ಲ.”

ಅವಳ ಲೆಕ್ಕ ಅದು. ಔಷಧವೆಂದರೆ ಊಟವಲ್ಲ, ಹಾಗಾಗಿ ನೇಮ ಕೆಡುವುದಿಲ್ಲ. ನೀರು ನೀರೇ. ಈ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ, ಗಂಟಲಿನ ಒದ್ದೆ ಗೋಡೆಯೊಂದನ್ನು ಬಿಟ್ಟರೆ. ಆ ಪುಡಿ ಸಿಕ್ಕ ನೀರನ್ನೆಲ್ಲ ಹೀರಿಕೊಂಡು ಗಂಜಿಯ ಹಾಗೆ ಉಬ್ಬುತ್ತದೆ. ಕರುಳಲ್ಲಿ ಉಬ್ಬಲೆಂದು ಕೊಟ್ಟದ್ದು ಅನ್ನನಾಳದಲ್ಲಿ, ಉಸಿರಿನ ಬಾಗಿಲಲ್ಲಿ ಉಬ್ಬಿತು.

ಮೊದಲು ಒಂದು ಕೆಮ್ಮು. ಬಾಯಿಂದ ಬಿಳಿ ಪುಡಿ ಹಾರಿ ನನ್ನ ಸೀರೆಯ ಮೇಲೆ ಬಿತ್ತು. ಆಮೇಲೆ ಕೆಮ್ಮೂ ಇಲ್ಲ. ಈಗಲೂ ನನ್ನನ್ನು ಕಾಡುವುದು ಆ ಸದ್ದಿಲ್ಲದ ಗಳಿಗೆ. ಬಾಯಿ ತೆರೆದಿತ್ತು, ಎದೆ ಎಳೆಯುತ್ತಿತ್ತು, ಏನೂ ಒಳಗೆ ಹೋಗುತ್ತಿರಲಿಲ್ಲ. ಕಣ್ಣು ಹೊರಗೆ ಬಂದವು. ಜೊಲ್ಲು ಗದ್ದದಿಂದ ಇಳಿಯಿತು. ಎರಡೂ ಕೈ ಮೇಲೆತ್ತಿ ಮುಂದಿನ ಸೀಟಿನ ಕಂಬಿ ಹಿಡಿದು ಮೈಯೆಲ್ಲ ಅಲುಗಿಸತೊಡಗಿದಳು. ತುರುಬು ಬಿಚ್ಚಿಕೊಂಡಿತು.

ಪಕ್ಕದಲ್ಲಿ ನಿಂತಿದ್ದ ಹೆಂಗಸು ಬುಟ್ಟಿ ಕೆಳಗಿಟ್ಟು ಕೈ ಮುಗಿದಳು.

“ಅವ್ವ ಬಂದಾಳ! ಮೈಯಾಗ ಅವ್ವ ಬಂದಾಳ!”

“ಉಧೋ!” ಅಂತ ಹಿಂದಿನಿಂದ ಒಂದು ದನಿ. “ಉಧೋ ಉಧೋ!” ಅಂತ ಇಡೀ ಬಸ್ಸು.

ಯಾರೋ ಬಗ್ಗಿ ಚಿಗವ್ವನ ಹಣೆಗೆ ಭಂಡಾರ ಹಚ್ಚಿದರು. ಇನ್ಯಾರೋ ಅವಳ ಪಾದ ಹುಡುಕುತ್ತಿದ್ದರು. ಒಬ್ಬಾಕೆ ನನ್ನ ಭುಜ ಹಿಡಿದು ಎಳೆದಳು, “ಆಚೆ ಸರಿ ಬೇ ತಂಗಿ, ಅಕಿನ್ನ ಮುಟ್ಟಬ್ಯಾಡ. ಏನೋ ಹೇಳಾಕತ್ತಾಳ, ಕೇಳೂಣು.” ಹುಲಿಗಿಗೆ ಹೊರಟ ಬಸ್ಸಿನಲ್ಲಿ ತಲೆ ಕೆದರಿ, ಕಣ್ಣು ಅರಳಿಸಿ ಮೈ ನಡುಗಿಸುವ ಹೆಂಗಸನ್ನು ಅವರು ಬೇರೆ ಏನೆಂದುಕೊಳ್ಳಬೇಕಿತ್ತು? ನಾನೇ ಅವಳ ಅಂಗೈಯ ಪುಡಿ ನೋಡಿರದಿದ್ದರೆ ಕೈ ಮುಗಿಯುತ್ತಿದ್ದೆನೇನೋ. ಈ ಯೋಚನೆ ಬಂದಾಗಲೆಲ್ಲ ನಾನು ಕುಳಿತಲ್ಲಿಂದ ಏಳುತ್ತೇನೆ, ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಪಾತ್ರೆ ತೊಳೆಯುತ್ತೇನೆ.

ನಾನು ಚೀರಿದೆ. “ದೇವರಲ್ಲ! ಹೊಟ್ಟು! ಗಂಟಲದಾಗ ಹೊಟ್ಟು ಸಿಕ್ಕೈತಿ, ದಾರಿ ಬಿಡ್ರಿ!”

ಉಧೋ ನಿಂತಿತು. ಆ ಸೊಲ್ಲು ದೇವಿಗೆ ಅಪಚಾರವೆಂಬಂತೆ ಒಂದಿಬ್ಬರು ನನ್ನನ್ನು ದಿಟ್ಟಿಸಿದರು. ಭಂಡಾರ ಹಚ್ಚಿದಾಕೆಯೇ ಮೊದಲು ತಿರುಗಿ “ಡ್ರೈವರಣ್ಣಾ, ನಿಂದ್ರಸೋ!” ಎಂದು ಕೂಗಿದಳು. ಇಬ್ಬರೂ ಸೇರಿ ಚಿಗವ್ವನನ್ನು ಮುಂದಕ್ಕೆ ಬಗ್ಗಿಸಿದೆವು. ಬೆನ್ನಿನ ನಡುವೆ ಗುದ್ದಿದೆ. ಮತ್ತೆ ಗುದ್ದಿದೆ. ಒಬ್ಬರು ನೀರಿನ ಬಾಟಲಿ ಅವಳ ತುಟಿಗೆ ಹಿಡಿದರು. ಬೇಡ ಎನ್ನುವಷ್ಟರಲ್ಲಿ ಸುರಿದಿದ್ದ ನೀರು ಮೂಗಿನಿಂದ ವಾಪಸು ಬಂತು. ಇನ್ನೊಂದು ಗುದ್ದಿಗೆ ಅಂಟಂಟಾದ ಒಂದು ಉಂಡೆ ಬಸ್ಸಿನ ನೆಲಕ್ಕೆ ಬಿತ್ತು, ಅದರ ಹಿಂದೆ ಗರಗಸ ಎಳೆದಂಥ ಸದ್ದು. ಉಸಿರು ಅದು.

ಉಸಿರು ಬಂತು, ಆದರೆ ಎಲ್ಲವೂ ಹೊರಗೆ ಬಂದಿರಲಿಲ್ಲ. ತನ್ನ ಎಂಜಲನ್ನೂ ನುಂಗಲಾಗದೆ ಎದೆಯ ನಡುವೆ ಬೆರಳಿಟ್ಟು ತೋರಿಸುತ್ತಿದ್ದಳು. ಗಿಣಿಗೇರಿ ಹತ್ತಿರ ಬಂದಿತ್ತು. ಕೊಪ್ಪಳದ ಕಡೆ ಖಾಲಿ ಹೊರಟಿದ್ದ ತರಕಾರಿ ಗಾಡಿಯನ್ನು ಬಸ್ಸಿನವರೇ ಅಡ್ಡಗಟ್ಟಿ ನಿಲ್ಲಿಸಿದರು. ಹಿಂದೆ ಬದನೆಕಾಯಿಯ ಖಾಲಿ ಚೀಲಗಳ ಮೇಲೆ ಅವಳನ್ನು ಮುಂದಕ್ಕೆ ಬಗ್ಗಿಸಿ ಹಿಡಿದು ಕುಳಿತೆ. ಬಟ್ಟಲಿನ ಹಾಗೆ ಹಿಡಿದ ನನ್ನ ಸೆರಗಿಗೆ ಜೊಲ್ಲು ಇಳಿಯುತ್ತಿತ್ತು. ಅವಳ ಬೆನ್ನು ಏರಿ ಇಳಿಯುವುದನ್ನು ನನ್ನ ಅಂಗೈಯಿಂದ ಕಾಯುತ್ತಿದ್ದೆ. ಈಗಲೂ ಅಂಗೈಗೆ ಆ ಅಭ್ಯಾಸ ಬಿಟ್ಟಿಲ್ಲ.

ಆಸ್ಪತ್ರೆಯಲ್ಲಿ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ಉಳಿದದ್ದನ್ನು ತುಣುಕು ತುಣುಕಾಗಿ ತೆಗೆದರು. ಸಂಜೆಗೆ ಅವಳು ತೊದಲುತ್ತ ಮಾತಾಡಿದಳು. ಮೊದಲ ಮಾತು, “ದರ್ಶನ ಆಗಲಿಲ್ಲಲ್ಲ.”

ಅಲ್ಲಿದ್ದ ಡಾಕ್ಟರಮ್ಮ ನನಗಿಂತ ಚಿಕ್ಕವರು. ಮಂಚದ ತುದಿಯಲ್ಲಿ ಕುಳಿತು ನಿಧಾನವಾಗಿ ಹೇಳಿದರು. ಇಸಬಗೋಲ್ ಕೆಟ್ಟದ್ದಲ್ಲ, ನೀರಿಲ್ಲದ ಇಸಬಗೋಲ್ ಅಪಾಯ. ಅದು ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ, ಮುಂದೆ ತಳ್ಳುತ್ತದೆ. ಆದರೆ ದೊಡ್ಡ ಕರುಳಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿವೆ. ನಮಗೆ ಅರಗದ ನಾರು ಅವುಗಳ ಊಟ. ಅವು ಅದನ್ನು ತಿಂದು ಬಿಡುವ ಆಮ್ಲದಿಂದಲೇ ಕರುಳಿನ ಒಳಪದರಕ್ಕೆ ಶಕ್ತಿ ಸಿಗುತ್ತದೆ.

ಚಿಗವ್ವ ಹೊಟ್ಟೆ ಹಿಡಿದುಕೊಂಡಳು. “ಹೊಟ್ಟ್ಯಾಗ ಹುಳ ಅದಾವೇನ್ರಿ ಯವ್ವಾ?”

“ಹುಳ ಅಲ್ಲಮ್ಮ. ಒಳ್ಳೇವು. ಮನಿ ಮಂದಿ ಅಂತ ತಿಳ್ಕೋರಿ.”

“ಅವಕ್ಕ ಈ ಹೊಟ್ಟು ಸಾಲಂಗಿಲ್ಲೇನು?”

“ಇದನ್ನ ಅವು ಭಾಳ ತಿನ್ನಂಗಿಲ್ಲ. ಬ್ಯಾರೆ ಬ್ಯಾರೆ ಜೀವಿಗೆ ಬ್ಯಾರೆ ಬ್ಯಾರೆ ನಾರು ಬೇಕು. ಕಾಳು, ಸಜ್ಜಿ, ಜ್ವಾಳ, ಸೊಪ್ಪು. ಒಮ್ಮೆಲೆ ಬ್ಯಾಡ, ವಾಯು ಆಗ್ತೈತಿ. ದಿನಾ ಸ್ವಲ್ಪ ಹೆಚ್ಚು ಮಾಡ್ರಿ. ನೀರಂತೂ ಬಿಡಬ್ಯಾಡ್ರಿ.”

ಚಿಗವ್ವ ನನ್ನ ಕಡೆ ತಿರುಗಿದಳು. ಗಂಟಲು ಕೆರೆದು ದನಿ ಒಡೆದಿತ್ತು. “ಹಾಸ್ಟೆಲ್ಲಿನಾಗ ಹುಡುಗ್ರು, ಹೊಟ್ಟ್ಯಾಗ ಇವು. ಅಂತೂ ಅಡಿಗಿ ಮಾಡೋದು ತಪ್ಪಂಗಿಲ್ಲ ನನಗ.”

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ದರ್ಶನ ಆಗಲಿಲ್ಲ ಎಂಬ ಮಾತೇ ಕಿವಿಯಲ್ಲಿತ್ತು. ಅಂದರೆ ಮುಂದಿನ ಹುಣ್ಣಿಮೆಗೆ ಮತ್ತೆ ಬಸ್ಸು, ಮತ್ತೆ ಒಣ ಬಾಯಿ.

ಮನೆಯಲ್ಲಿ ಸಜ್ಜೆ ಹಿಟ್ಟು ಬಂತು, ಮಡಕೆಕಾಳು ನೆನೆಯಿತು. ಹಾಸ್ಟೆಲ್ಲಿಗೆ ನೀರಿನ ಬಾಟಲಿ ಒಯ್ಯತೊಡಗಿದಳು. ಖಾಲಿ ಬಾಟಲಿಯನ್ನು ನನ್ನ ಮುಂದೆ ತಲೆಕೆಳಗು ಮಾಡಿ ತೋರಿಸುತ್ತಿದ್ದಳು, “ತಗೋ ಸಾಹೇಬ್ರ, ತಪಾಸಣಿ ಮಾಡ್ರಿ.” ಇಸಬಗೋಲ್ ಸಂಚಿಯಿಂದ ತೆಗೆದು ನಾನೇ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಆದರೂ ಅವಳು ಎಲೆ ಹಾಕಿಕೊಳ್ಳಲು ತಲೆ ಹಿಂದಕ್ಕೆ ವಾಲಿಸಿದರೆ ಸಾಕು, ನಾನು ನೀರಿನ ಲೋಟ ಹಿಡಿದು ಹತ್ತಿರ ಹೋಗುತ್ತಿದ್ದೆ.

ಹುಣ್ಣಿಮೆಯ ಹಿಂದಿನ ದಿನ ಜಗಳವಾಯಿತು.

“ನೀರು ಕುಡಿದ ಹೋಗಬೇಕು ನೀ.”

“ಕುಡ್ಯಂಗಿಲ್ಲ.”

“ಸತ್ತು ಬದುಕಿ ಬಂದೀಯಲ್ಲ, ನಿನಗ ಅಂಜಿಕಿ ಇಲ್ಲೇನು?”

“ಐತಿ. ಅದಕ್ಕ ಹೊಂಟೀನಿ ಆ ಅವ್ವನ ಹಂತ್ಯಾಕ.” ಕಪಾಟಿನತ್ತ ಕೈ ಮಾಡಿದಳು. “ಅದನ್ನ ಇಲ್ಲಿ ಕೊಡು.”

ಸಂಜೆ ಊಟಕ್ಕೆ ಮೊದಲು ನನ್ನ ಕಣ್ಣೆದುರೇ ದೊಡ್ಡ ಲೋಟದ ತುಂಬ ನೀರು ಹಿಡಿದು, ಒಂದು ಚಮಚ ಹಾಕಿ, ತಿರುವಿ, ಗಟ್ಟಿಯಾಗುವ ಮೊದಲೇ ಗಟಗಟ ಕುಡಿದಳು. ಮೇಲೆ ಇನ್ನೊಂದು ಲೋಟ. ಬಾಯಿ ಒರೆಸಿಕೊಂಡು ಹೇಳಿದಳು, “ಇವತ್ತಿಂದು ಇವತ್ತ ಮುಗೀತು. ನಾಳೆ ಮುಂಜಾನಿ ಹೊಟ್ಟೂ ಇಲ್ಲ, ನೀರೂ ಇಲ್ಲ. ಹತ್ತು ಗಂಟಿಗೆ ದರ್ಶನ, ಆಮ್ಯಾಲೆ ನಿನ್ನ ಬಾಟಲಿ. ನಿಮ್ಮ ಡಾಕ್ಟ್ರವ್ವನ್ನ ಕೇಳು ಬೇಕಾರ.”

ಕೇಳಿದೆ. ದಿನವಿಡೀ ಅಲ್ಲವಲ್ಲ, ಅಷ್ಟು ಹೊತ್ತು ತೊಂದರೆಯಿಲ್ಲ ಎಂದರು. ಮನಸ್ಸು ಮಾತ್ರ ಒಪ್ಪಲಿಲ್ಲ. ಬಸ್ಸು ಹತ್ತುವ ಮೊದಲು ಅವಳ ಸಂಚಿ ತಡವಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಷ್ಟೇ. ಗಿಣಿಗೇರಿ ಬರುತ್ತಿದ್ದಂತೆ ಅವಳ ಮಣಿಕಟ್ಟು ಹಿಡಿದೆ.

“ನನ್ನ ಗಂಟಲಾ ಏನ ನೋಡ್ತಿ? ಹೊರಗ ನೋಡು, ಶೇಂಗಾ ಎಷ್ಟು ಛಲೋ ಬಂದೈತಿ.”

ದರ್ಶನ ಮುಗಿಸಿ ಹೊರಗೆ ಬಂದು ಕಂಬಕ್ಕೆ ಒರಗಿ ಕುಳಿತಳು. ಬಾಟಲಿ ಎತ್ತಿ ಕುಡಿದಳು. ಅವಳ ಗಂಟಲಿನ ಸಡಿಲ ಚರ್ಮದ ಕೆಳಗೆ ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಅರ್ಧ ಬಾಟಲಿ ಮುಗಿಯುವವರೆಗೂ ನೋಡಿದೆ. ಆಮೇಲೆ ಅವಳು ಪ್ರಸಾದದ ಒಣ ಕೊಬ್ಬರಿ, ಪುಟಾಣಿ, ಸಕ್ಕರೆ ಬೆರೆಸಿ ನನ್ನ ಬಾಯಿಗೆ ಹಾಕಿದಳು.

ಅಗಿದೆ. ನುಂಗಲಾಗಲಿಲ್ಲ. ಒಣ ಪುಡಿ ನಾಲಿಗೆಯ ಬುಡದಲ್ಲಿ ನಿಂತಿತ್ತು. ಬೆಳಗಿನಿಂದ ನಾನೂ ಒಂದು ಹನಿ ನೀರು ಕುಡಿದಿರಲಿಲ್ಲ, ಅವಳನ್ನು ಕಾಯುವುದರಲ್ಲೇ ಮರೆತಿದ್ದೆ.

ಚಿಗವ್ವ ನನ್ನ ಮುಖ ನೋಡಿದಳು. ಬಾಟಲಿ ನನ್ನ ತುಟಿಗೆ ಹಿಡಿದಳು. ನಾನು ಕುಡಿಯುತ್ತಿದ್ದಾಗ ಅವಳ ಕಣ್ಣು ನನ್ನ ಗಂಟಲಿನ ಮೇಲಿತ್ತು.

“ಇಳೀತೇನ?” ಎಂದಳು.